ಪಾಂಡವರ ಪಕ್ಕದ ಕೆಂಪು ದೀಪ

ನಾನು ಒಂದು ದೀಪ. ಹಾಗೆಂದಕೂಡಲೇ ದೇವರ ಮುಂದಿನ ನಂದಾದೀಪವನ್ನೋ ಬೀದಿಯ ಕಂಬವನ್ನೋ ನೆನೆಸಿಕೊಳ್ಳಬೇಡಿ. ನಾನು ಶೇಂಗಾ ಬೀಜಕ್ಕಿಂತ ಚಿಕ್ಕವನು. ನನ್ನ ಬೆಳಕಿನಲ್ಲಿ ಯಾರೂ ಓದಿಲ್ಲ, ಯಾರೂ ಉಂಡಿಲ್ಲ. ಇವನು ಹತ್ತದಿರಲಿ ಎಂದೇ ನನ್ನನ್ನು ಕಂಡವರೆಲ್ಲ ಹಾರೈಸುತ್ತಿದ್ದರು. ಅಂಥ ಅಪರೂಪದ ಬಾಳು ನನ್ನದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ, ಮುಚ್ಚಿಡುವುದೇಕೆ?

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಕೂದಲಿಗಿಂತ ತೆಳುವಾದ ತಂತಿಯನ್ನು ಸುರುಳಿ ಸುತ್ತಿ, ಗಾಜಿನ ಹೊಟ್ಟೆಯೊಳಗೆ ಇಳಿಸಿ, ಬಾಯಿ ಮುಚ್ಚಿದರು. ಆ ಸುರುಳಿಯೇ ನನ್ನ ಜೀವ. ಮುಂದೆ ನನ್ನನ್ನು ವಾಯುಪಡೆಯ ತರಬೇತಿ ವಿಮಾನವೊಂದಕ್ಕೆ ಹಾಕಿದರು. ಆ ವಿಮಾನದಲ್ಲಿ ಎರಡು ಸೀಟು, ಒಂದರ ಹಿಂದೆ ಒಂದು. ಮುಂದೆ ಕಲಿಯುವವನು, ಹಿಂದೆ ಕಲಿಸುವವರು. ನನ್ನ ಜಾಗ ಮುಂದಿನ ಫಲಕದಲ್ಲಿ. ತಲೆಯ ಮೇಲೊಂದು ಕೆಂಪು ಗಾಜಿನ ಟೊಪ್ಪಿ. ಎಂಜಿನ್ನಿಗೆ ಬೆಂಕಿ ತಗುಲಿದರೆ ಮಾತ್ರ ನಾನು ಉರಿಯಬೇಕು. ಹಿಂದಿನ ಫಲಕದಲ್ಲಿ ನನ್ನಂಥವನೇ ಇನ್ನೊಬ್ಬನಿದ್ದ. ಎಂಜಿನ್ನಿನಿಂದ ಬರುವ ಸುದ್ದಿ ಒಂದೇ ತಂತಿಯಲ್ಲಿ ಬಂದು, ಸೀಟುಗಳ ಕೆಳಗೆ ಕವಲೊಡೆದು, ಇಬ್ಬರಿಗೂ ತಲುಪಬೇಕಿತ್ತು. ಅವನನ್ನು ನಾನು ನೋಡಿರಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಬಾಳುವ ಅಣ್ಣತಮ್ಮಂದಿರ ಹಾಗೆ ಇದ್ದೆವು.

ದಿನಾ ಹಾರುವ ಮುಂಚೆ ನಮಗೆ ಹಾಜರಿ ಇತ್ತು. ಪೈಲಟ್ ಒಂದು ಗುಂಡಿ ಒತ್ತುತ್ತಿದ್ದ. ಫಲಕದ ದೀಪಗಳೆಲ್ಲ ಒಮ್ಮೆ ಕಣ್ಣು ಬಿಟ್ಟು, ಇದ್ದೇವೆ ಎಂದು ಹೇಳಿ, ಮತ್ತೆ ಮಲಗಬೇಕು. ನನ್ನ ವಯಸ್ಸೆಲ್ಲ ಆ ಒಂದೊಂದು ಮಿಣುಕಿನಲ್ಲೇ ಕಳೆಯಿತು. ಉಳಿದ ಹೊತ್ತೆಲ್ಲ ನನಗೆ ಮುಖ ನೋಡುವ ಕೆಲಸ. ಕೆಳಗಿನಿಂದ ನೋಡುವವನಿಗೆ ಮನುಷ್ಯ ಎಂದರೆ ಮೊದಲು ಗದ್ದ, ಆಮೇಲೆ ಮೂಗಿನ ಹೊಳ್ಳೆ. ಒಬ್ಬ ಲವಂಗ ಜಗಿಯುತ್ತಿದ್ದ. ಒಬ್ಬ ತಿರುವು ತೆಗೆದುಕೊಳ್ಳುವಾಗಲೆಲ್ಲ ನಾಲಿಗೆ ಹೊರಗೆ ಹಾಕುತ್ತಿದ್ದ, ಹಲಗೆಯ ಮೇಲೆ ಅಕ್ಷರ ತಿದ್ದುವ ಮಕ್ಕಳ ಹಾಗೆ. ಅವರೆಲ್ಲ ಕಲಿತು ದೊಡ್ಡ ವಿಮಾನಗಳಿಗೆ ಹೋದರು.

ಕೊನೆಗೆ ಬಂದವನು ನಚಿಕೇತ. ಅಂಕೋಲೆಯ ಕಡೆಯ ಹುಡುಗ, ಉದ್ದ ಗದ್ದ. ಬೇರೆಯವರು ನನ್ನನ್ನು ಅರೆಗಣ್ಣಲ್ಲಿ ನೋಡಿ ಮುಂದೆ ಹೋದರೆ ಇವನು ಪ್ರತಿಯೊಂದು ದೀಪದ ಮೇಲೂ ಕಣ್ಣು ನಿಲ್ಲಿಸುತ್ತಿದ್ದ. ಹಿಂದಿನ ಸೀಟಿನ ಸ್ಕ್ವಾಡ್ರನ್ ಲೀಡರ್ ಮುದ್ದಯ್ಯನವರಿಗೆ ಇದು ತಮಾಷೆ. "ಏನಪ್ಪಾ, ದೀಪಗಳನ್ನೆಲ್ಲ ಮಾತಾಡಿಸಿ ಆಯ್ತಾ? ಹೊರಡೋಣವಾ?" ಎಂದು ಕೇಳುತ್ತಿದ್ದರು. ಕೊಡಗಿನವರು, ಗಟ್ಟಿ ಆಳು, ಮಾತು ಕಡಿಮೆ. ಅವರ ಮುಖ ನಾನು ಕಂಡಿರಲಿಲ್ಲ, ಹೆಡ್‌ಫೋನಿನಲ್ಲಿ ಧ್ವನಿ ಮಾತ್ರ ಗೊತ್ತಿತ್ತು. ನಚಿಕೇತನಿಗೆ ಆ ಧ್ವನಿಯೆಂದರೆ ಭಯವೂ ಇತ್ತು, ಪ್ರೀತಿಯೂ ಇತ್ತು.

ಅದು ಮಾರ್ಗಶಿರದ ಕೊನೆ. ಕಲಬುರಗಿಯ ಆಚೆ, ಕೆಳಗೆಲ್ಲ ತೊಗರಿ ಹೊಲ. ನಾವು ಇಳಿಯಲು ಬರುತ್ತಿದ್ದೆವು, ಎತ್ತರ ಹೆಚ್ಚಿರಲಿಲ್ಲ. ಇದ್ದಕ್ಕಿದ್ದ ಹಾಗೆ ತಂತಿಯಲ್ಲಿ ಸುದ್ದಿ ಬಂತು. ನಾನು ಹತ್ತಿಕೊಂಡೆ. ಹಾಜರಿಯ ಮಿಣುಕಲ್ಲ, ನಿಜವಾದ ಉರಿ. ಇಷ್ಟು ವರ್ಷ ಮಲಗಿದ್ದವನು ಈಗ ಮೈತುಂಬ ಎಚ್ಚರವಾದೆ. ಹೆದರಿಕೆಯಾಗಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಹಿಗ್ಗೇ ಆಯಿತು.

"ಸರ್, ಫೈರ್ ಲೈಟ್!" ನಚಿಕೇತ ಕೂಗಿದ.

"ಎಲ್ಲಿ? ನನ್ನ ಕಡೆ ಇಲ್ಲ. ಮತ್ತೆ ನೋಡು," ಎಂದರು ಮುದ್ದಯ್ಯ.

ನಚಿಕೇತ ತನಗೆ ಕಲಿಸಿದ್ದ ಕ್ರಮದಲ್ಲೇ ಎಂಜಿನ್ನಿನ ವೇಗ ಇಳಿಸಿದ. ನಾನು ಆರಲಿಲ್ಲ. ವಿಮಾನ ಮೂಗು ಬಗ್ಗಿಸಿತು, ತೊಗರಿಯ ಸಾಲುಗಳು ಒಂದೊಂದಾಗಿ ಎಣಿಸುವಷ್ಟು ಹತ್ತಿರ ಬಂದವು. ಅವನು ನನ್ನನ್ನು ಇನ್ನೊಮ್ಮೆ ನೋಡಿದ. ಹಾರುತ್ತಿದ್ದೇವೆ ಸರ್ ಎಂದು ಕೂಗಿ ಎಚ್ಚರಿಸಿ, ಸೀಟಿನ ಹಿಡಿ ಎಳೆದ. ಆ ವಿಮಾನದಲ್ಲಿ ಯಾರು ಎಳೆದರೂ ಇಬ್ಬರೂ ಹಾರುತ್ತಾರೆ. ಮೊದಲು ಮುದ್ದಯ್ಯ, ಮರುಗಳಿಗೆಗೆ ನಚಿಕೇತ, ಇಬ್ಬರೂ ಸೀಟಿನ ಸಮೇತ ಆಕಾಶಕ್ಕೆ ಹೋದರು. ಖಾಲಿ ವಿಮಾನದಲ್ಲಿ ನಾನೊಬ್ಬನೇ ಉರಿಯುತ್ತ ಉಳಿದೆ. ನೋಡುವವರಿಲ್ಲದೆ ಉರಿಯುವುದು ಎಷ್ಟು ಬೇಸರದ ಕೆಲಸ ಎಂದು ಆಗ ಗೊತ್ತಾಯಿತು.

ನೆಲಕ್ಕೆ ಬಡಿದ ಹೊಡೆತಕ್ಕೆ ಫಲಕ ಒಡೆಯಿತು. ಒಂದು ಅಂಗೈ ಅಗಲದ ಚೂರು ನನ್ನನ್ನು ಹೊತ್ತುಕೊಂಡು ಹೊಲದ ತುದಿಯ ಬನ್ನಿಗಿಡದ ಬುಡಕ್ಕೆ ಹಾರಿತು. ಅಲ್ಲಿ ಸಾಲಾಗಿ ಕೂತಿದ್ದ ಐದು ಕಲ್ಲುಗಳ ಪಕ್ಕದಲ್ಲಿ ಬಿದ್ದೆ. ದೂರದಲ್ಲಿ ವಿಮಾನ ಧಗಧಗ ಉರಿಯಿತು. ಹೊಲದಲ್ಲಿದ್ದ ಆಳುಗಳೆಲ್ಲ ಬುತ್ತಿ ಉಣ್ಣಲು ಬೇವಿನ ಮರದ ಕಡೆ ಹೋಗಿದ್ದರಿಂದ ಒಂದು ಜೀವಕ್ಕೂ ಗಾಯವಾಗಲಿಲ್ಲ.

ಹೊಲದ ಒಡತಿ ಚಂದಮ್ಮ, ಅರವತ್ತು ದಾಟಿದ ಹೆಂಗಸು. ಪ್ಯಾರಾಶೂಟಿನ ಹಗ್ಗದಲ್ಲಿ ಸಿಕ್ಕಿಕೊಂಡು ಬಿದ್ದಿದ್ದ ನಚಿಕೇತನ ಬಳಿಗೆ ಮೊದಲು ಓಡಿದವಳು ಅವಳೇ. ಗದ್ದ ಸೀಳಿ ರಕ್ತ ಸುರಿಯುತ್ತಿತ್ತು. ಅವನು "ಸರ್ ಎಲ್ಲಿ, ಸರ್ ಎಲ್ಲಿ" ಎಂದು ಒಂದೇ ಸಮನೆ ಕೇಳುತ್ತಿದ್ದ.

"ಅದಾರ ಯಪ್ಪಾ, ಆ ಕಡಿ ಹೊಲ್ದಾಗ ಕುಂತಾರ. ನೀ ಮದಲ ನೀರು ಕುಡಿ. ಮಾತು ಆಮ್ಯಾಲ ಆಡೂಣು," ಎಂದು ಅವಳು ತಂಬಿಗೆ ಕೈಗಿತ್ತಳು. ಗಾಯಕ್ಕೆ ಅರಿಸಿನ ಒತ್ತಿದಳು. ವಾಯುಪಡೆಯವರು ಬಂದು ಇಬ್ಬರನ್ನೂ ಎತ್ತಿಕೊಂಡು ಹೋದರು. ತಂಬಿಗೆಯೂ ನಚಿಕೇತನ ಕೈಯಲ್ಲೇ ಹೋಯಿತು. ಮುದ್ದಯ್ಯನವರ ಬೆನ್ನುಮೂಳೆ ಮುರಿದಿತ್ತು.

ಮರುದಿನದಿಂದ ಚೂರು ಆರಿಸುವ ಕೆಲಸ. ಊರವರು ಚೀಲ ಚೀಲ ತುಂಬಿ ತಂದು ಒಪ್ಪಿಸಿದರು. ನಾನು ಕಲ್ಲುಗಳ ಸಂದಿಯಲ್ಲಿ, ಒಣ ಹುಲ್ಲಿನ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಕೂತಿದ್ದೆ. ಕೂಗೋಣವೆಂದರೆ ಬಾಯಿಲ್ಲ, ಉರಿಯೋಣವೆಂದರೆ ತಂತಿಯಿಲ್ಲ.

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ಆ ಸೀಮೆಯಲ್ಲಿ ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹೊಲದಲ್ಲಿರುವ ಐದು ಕಲ್ಲುಗಳೇ ಪಾಂಡವರು. ಅವರಿಗೆ ಸುಣ್ಣ ಬಳಿದು, ಕೆಮ್ಮಣ್ಣಿನ ಬೊಟ್ಟಿಟ್ಟು, ಮೇಲೆ ಜೋಳದ ದಂಟಿನ ಪುಟ್ಟ ಗುಡಿಸಲು ಕಟ್ಟುತ್ತಾರೆ. ಭೂಮಿತಾಯಿಗೆ ಉಣ್ಣಿಸಲು ಹೊಲದ ತುಂಬ ಚರಗ ಚೆಲ್ಲುತ್ತಾರೆ, ಆಮೇಲೆ ತಾವೂ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಚಂದಮ್ಮ ಸುಣ್ಣದ ಗಡಿಗೆ ಹಿಡಿದು ಬಂದು ಹುಲ್ಲು ಸರಿಸಿದಳು. ಐದಿದ್ದ ಕಲ್ಲು ಆರಾಗಿತ್ತು. ಕೆಂಪು ಗಾಜು ಬಿಸಿಲಿಗೆ ಫಳಕ್ಕೆಂದಿತು. ಅವಳು ಗಡಿಗೆ ಕೆಳಗಿಟ್ಟು ಕೈ ಮುಗಿದಳು.

"ಐದು ಮಂದಿ ಇದ್ದಲ್ಲಿ ಆರನೇದಾವ ಬಂದಾನ. ಕುಂತಿ ಹಿರೇ ಮಗ, ಕರ್ಣ. ಸೂರ್ಯನ ಮಗ ಅಲ್ಲೇನು, ಮ್ಯಾಲಿಂದನೇ ಇಳ್ದಾನ. ಅವನೇ ನಮ್ಮ ಆಳುಗೋಳ್ನ ಉಳಿಸ್ಯಾನ," ಎಂದಳು. ಮನೆಯವರೆಲ್ಲ ಹೌದೆಂದರು. ನನಗೂ ಸುಣ್ಣ ಬಳಿದರು, ಬೊಟ್ಟಿಟ್ಟರು, ನನ್ನ ಮುಂದೆಯೂ ಒಂದು ಕಡಬು ಇಟ್ಟರು. ಇಷ್ಟು ವರ್ಷ ಇವನು ಹತ್ತದಿರಲಿ ಎನ್ನುವವರನ್ನೇ ನೋಡಿದ್ದ ನನಗೆ ಈ ಮರ್ಯಾದೆ ಹೊಸದು. ಕರ್ಣ ಅಂದರೆ ಯಾರು, ಏನು ಅಂತ ಪಕ್ಕದ ಕಲ್ಲನ್ನು ಕೇಳಬೇಕೆನಿಸಿತು.

ಕೆಲವು ವಾರದ ಮೇಲೆ ತನಿಖೆಯ ಮುಖ್ಯಸ್ಥರು ಬಂದರು. ವಿಂಗ್ ಕಮಾಂಡರ್ ಜಯಶೀಲ ಕೋಟ್ಯಾನ್. ಮಂಗಳೂರಿನ ಕಡೆಯವರು. ಏನು ಕಂಡರೂ ಯಾಕೆ ಎಂದು ಕೇಳುವ ಜಾತಿ. ಅಂಬಲಿ ಕೊಟ್ಟರೆ ಅದು ಹುಳಿಯಾಗುವುದು ಯಾಕೆ ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆಯೇ ಕುಡಿದರು. ಆಮೇಲೆ ಕೇಳಿದರು: "ಅಮ್ಮಾ, ವಿಮಾನದ ಸಾಮಾನು ಇನ್ನೂ ಯಾರ ಹತ್ರ ಆದ್ರೂ ಉಂಟಾ? ಒಂದು ಚೂರಾದ್ರೂ?"

"ಎಲ್ಲಾ ಕೊಟ್ಟೀವ್ರಿ ಸಾಹೇಬ್ರ. ಒಂದು ಮೊಳಿ ಸುದ್ದಾ ಇಟ್ಕೊಂಡಿಲ್ಲ," ಎಂದಳು ಚಂದಮ್ಮ.

ಅವಳು ಸುಳ್ಳು ಹೇಳಲಿಲ್ಲ. ಅವರು ಕೇಳಿದ್ದು ಸಾಮಾನು. ನಾನು ಆಗಲೇ ದೇವರಾಗಿಬಿಟ್ಟಿದ್ದೆ. ಕೋಟ್ಯಾನರು ಗುಡಿಸಲ ಮುಂದೆ ಬೂಟು ಬಿಚ್ಚಿ, ಆರು ಬಿಳಿ ಕಲ್ಲುಗಳಿಗೂ ಸಮನಾಗಿ ಕೈ ಮುಗಿದರು. ಯಾವುದಕ್ಕಾಗಿ ಹೊಲವೆಲ್ಲ ಜಾಲಾಡುತ್ತಿದ್ದರೋ ಅದರ ಮುಂದೆಯೇ ನಿಂತು ಕಣ್ಣು ಮುಚ್ಚಿದರು! ನನಗೆ ನಗು ಬಂದಿತ್ತು. ಆದರೆ ಅವರು ನೆರಳಲ್ಲಿ ಕೂತು ಜೊತೆಯ ಅಧಿಕಾರಿಗೆ ಹೇಳಿದ್ದನ್ನು ಕೇಳಿ ನಗು ಇಂಗಿಹೋಯಿತು. ಮಾತು ಇಂಗ್ಲಿಷಿನಲ್ಲಿದ್ದುದರಿಂದ ಚಂದಮ್ಮನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು, ವಿಮಾನದಲ್ಲಿ ಬೆಳೆದವನಲ್ಲವೇ.

ಸಂಗತಿ ಹೀಗಿತ್ತು. ಬೆಂಕಿಯ ದೀಪ ಹತ್ತಿತ್ತು ಎಂದು ನಚಿಕೇತ ಹೇಳುತ್ತಾನೆ. ಹತ್ತಿರಲಿಲ್ಲ ಎಂದು ಮುದ್ದಯ್ಯ ಆಸ್ಪತ್ರೆಯ ಹಾಸಿಗೆಯಿಂದಲೇ ಹೇಳಿಕೆ ಕೊಟ್ಟಿದ್ದಾರೆ. ಎಂಜಿನ್ ನೆಲಕ್ಕೆ ಬಿದ್ದ ಮೇಲೆ ಹೇಗೂ ಸುಟ್ಟು ಕರಕಲಾಗಿದೆ, ಮೊದಲೇ ಬೆಂಕಿ ಇತ್ತೋ ಇಲ್ಲವೋ ಹೇಳಲಾಗದು. ಅಷ್ಟು ಹಳೆಯ ವಿಮಾನದಲ್ಲಿ ಎಲ್ಲವನ್ನೂ ದಾಖಲಿಸಿಕೊಳ್ಳುವ ಪೆಟ್ಟಿಗೆಯೂ ಇರಲಿಲ್ಲ. ಹಿಂದಿನ ಸೀಟಿನ ದೀಪ ಸಿಕ್ಕಿದೆ. ಅದು ಉರಿದೇ ಇರಲಿಲ್ಲ ಎಂದು ಪ್ರಯೋಗಾಲಯ ತಿಳಿಸಿದೆ. ಹಾಗಾದರೆ ಹುಡುಗ ಹೆದರಿ ಒಳ್ಳೆಯ ವಿಮಾನವನ್ನು ಬಿಸಾಡಿದ, ಗುರುವಿನ ಬೆನ್ನು ಮುರಿದ. ಅವನು ಇನ್ನು ಹಾರುವಂತಿಲ್ಲ. ಮುಂದಿನ ದೀಪ ಸಿಕ್ಕದಿದ್ದರೆ ವರದಿ ಹೀಗೆಯೇ ಹೋಗುತ್ತದೆ.

ನಾನು ಇಲ್ಲಿದ್ದೇನೆ, ಇಲ್ಲೇ ಇದ್ದೇನೆ ಎಂದು ಒಳಗೊಳಗೇ ಒದ್ದಾಡಿದೆ. ಕೋಟ್ಯಾನರು ಅಂಬಲಿಗೆ ಉಪಕಾರ ಹೇಳಿ, ಬೂಟು ಹಾಕಿಕೊಂಡು ಹೊರಟುಹೋದರು. ದೇವರಾಗುವುದರಲ್ಲಿ ಇಂಥ ತೊಂದರೆಯೂ ಇದೆ ಎಂದು ನನಗೆ ಮೊದಲು ತಿಳಿದಿರಲಿಲ್ಲ.

ಮುಂದೆ ಒಂದು ಮಧ್ಯಾಹ್ನ ಚಂದಮ್ಮ ಯಾರನ್ನೋ ಕರೆದುಕೊಂಡು ಬಂದಳು. ಗದ್ದ ನೋಡಿದೊಡನೆ ಗುರುತು ಹಿಡಿದೆ. ಗದ್ದದ ಮೇಲೊಂದು ಹೊಸ ಗೆರೆ ಇತ್ತು. ನಚಿಕೇತ ತಂಬಿಗೆ ಹಿಂದಿರುಗಿಸಲು ಬಂದಿದ್ದ, ಒಂದು ಇಳಕಲ್ ಸೀರೆಯನ್ನೂ ತಂದಿದ್ದ. "ಸೀರಿ ಆಮ್ಯಾಲ. ಮದಲ ನಿನ್ನ ಉಳಿಸಿದಾವ್ಗ ಕೈ ಮುಗಿ ಬಾ," ಎಂದು ಅವಳು ಅವನನ್ನು ಗುಡಿಸಲ ಮುಂದೆ ನಿಲ್ಲಿಸಿದಳು.

ಅವನು ಹಣೆ ನೆಲಕ್ಕೆ ಹಚ್ಚಿದ. ತಲೆ ಎತ್ತುವಾಗ ಅವನ ಮುಖ ನನ್ನ ಎದುರಿಗೇ ಬಂತು, ವಿಮಾನದಲ್ಲಿ ಇರುತ್ತಿದ್ದಷ್ಟೇ ದೂರದಲ್ಲಿ. ಇಬ್ಬನಿಗೆ ನನ್ನ ಅಂಚಿನ ಸುಣ್ಣ ಉದುರಿ ಕೆಂಪು ಗಾಜು ತುಸು ಕಾಣುತ್ತಿತ್ತು. ದೀಪಗಳನ್ನು ಮಾತಾಡಿಸುತ್ತಿದ್ದ ಹುಡುಗ ಅವನು. ಕಂಡಕೂಡಲೇ ನನ್ನ ಗುರುತು ಹಿಡಿದ.

ಅವನು ಕೈ ಚಾಚಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ. ದೂರ ಸರಿದು ಕೋಟ್ಯಾನರಿಗೆ ಫೋನು ಮಾಡಿದ. ಬಂದು ಗುಡಿಸಲ ಮುಂದೆ ನೆಲದ ಮೇಲೆ ಕೂತುಬಿಟ್ಟ.

"ನಿಂದೇ ಇದ್ರ ತಗೋ ಯಪ್ಪಾ. ಕೈ ಯಾಕ ಕಟ್ಕೊಂಡೀದಿ?" ಎಂದಳು ಚಂದಮ್ಮ. ಅವನಿಂದ ವಿಷಯವೆಲ್ಲ ತಿಳಿದು ಅವಳ ಮುಖ ಸಣ್ಣದಾಗಿತ್ತು.

"ನಾ ಮುಟ್ಟೂಕಾಗುದಿಲ್ಲ ಅಮ್ಮಾ. ನಾ ಮುಟ್ಟಿದ್ರೆ ಇದರ ಮಾತು ಯಾರೂ ನಂಬುದಿಲ್ಲ."

"ಮತ್ತ ಅದು ನಿನ್ನ ವಿರುದ್ಧನೇ ಹೇಳಿದ್ರ?"

ಅವನು ನನ್ನಿಂದ ಕಣ್ಣು ತೆಗೆಯದೆಯೇ ಹೇಳಿದ: "ಹೇಳ್ಲಿ. ಉರೀತಿತ್ತು ಅಂತ ಮೊದಲು ನಂಗೆ ಖಾತ್ರಿ ಇತ್ತು. ಎಲ್ಲರೂ ಇಲ್ಲ ಇಲ್ಲ ಅಂದ ಮೇಲೆ ಈಗ ನಂಗೇ ಗೊತ್ತಿಲ್ಲ. ಸರ್ ಸುಳ್ಳು ಹೇಳೋರಲ್ಲ. ಹಂಗಾದ್ರೆ ನಾ ಕಂಡಿದ್ದು ಏನು? ಕೆಲಸ ಹೋದ್ರೆ ಹೋಗ್ಲಿ, ನನ್ನ ಕಣ್ಣನ್ನ ನಾನು ನಂಬಬೇಕೋ ಬೇಡವೋ, ಅದೊಂದು ಗೊತ್ತಾಗ್ಲಿ."

ನನಗೆ ಆಗ ಆದ ಸಂಕಟ ಹೇಳತೀರದು. ಉತ್ತರ ನನ್ನ ಹೊಟ್ಟೆಯೊಳಗೇ ಇತ್ತು, ಅವನ ಮೂಗಿನ ತುದಿಯಲ್ಲೇ ಇತ್ತು. ಅವನು ಸಂಜೆಯವರೆಗೂ ನನ್ನನ್ನೇ ನೋಡುತ್ತ ಕೂತ, ನಾನು ಅವನನ್ನೇ ನೋಡುತ್ತ ಕೂತೆ.

ಕೋಟ್ಯಾನರು ಬಂದವರೇ ಹಣೆ ಬಡಿದುಕೊಂಡರು. "ಅಯ್ಯೋ ಮಾರಾಯಾ, ಇದಕ್ಕೇ ಅಲ್ವಾ ನಾನು ಅವತ್ತು ಕೈ ಮುಗ್ದದ್ದು!" ಆದರೆ ಎತ್ತಲು ಹೋದಾಗ ಚಂದಮ್ಮ ಅಡ್ಡ ನಿಂತಳು. "ಸುಮ್ನ ಎತ್ತಬ್ಯಾಡ್ರಿ. ಪೂಜಾ ಆದಾವ ಅವ. ಕಾಯಿ ಒಡದು ಕೇಳಿ ಕರ್ಕೊಂಡು ಹೋಗ್ರಿ. ಮುಂದಿನ ಎಳ್ಳಮಾಸಿಗಿ ಮತ್ತ ತಂದು ಕೂಡಸ್ರಿ." ಕೋಟ್ಯಾನರು ಯಾಕೆ ಎಂದು ಕೇಳದೆ ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾಯಿ ಒಡೆದರು. ಸುಣ್ಣ, ಬೊಟ್ಟು ಸಮೇತ ನನ್ನನ್ನು ಹತ್ತಿಯಲ್ಲಿ ಸುತ್ತಿದರು.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಡಾಕ್ಟರ್ ವನಜಾಕ್ಷಿ ಎಂಬ ವಿಜ್ಞಾನಿ ನನ್ನನ್ನು ಮೆಲ್ಲಗೆ ಬಿಡಿಸಿದರು. ಟೊಪ್ಪಿ ತೆಗೆದು ಪಕ್ಕಕ್ಕಿಟ್ಟರು. ಸೂಕ್ಷ್ಮದರ್ಶಕದ ಕೆಳಗೆ ನನ್ನನ್ನು ಮಲಗಿಸಿ ಕಣ್ಣಿಟ್ಟರು. ಅಷ್ಟು ದೊಡ್ಡ ಕಣ್ಣನ್ನು ನಾನು ಎಂದೂ ಕಂಡಿರಲಿಲ್ಲ. ಕೋಟ್ಯಾನರು ಅವರ ಹೆಗಲ ಮೇಲೇ ಬಗ್ಗಿ ನಿಂತಿದ್ದರು.

"ಸ್ವಲ್ಪ ಉಸಿರಾಡೋಕಾದ್ರೂ ಬಿಡಿ ಸರ್," ಎಂದರು ವನಜಾಕ್ಷಿ. ಆಮೇಲೆ ವಿವರಿಸಿದರು: "ದೀಪ ಆರಿದ್ದಾಗ ತಂತಿ ತಣ್ಣಗಿರುತ್ತೆ. ಪೆಟ್ಟು ಬಿದ್ರೆ ಚಟ್ಟಂತ ಮುರಿಯುತ್ತೆ. ನಿಮ್ಮ ಹಿಂದಿನ ಸೀಟಿನದು ಹಾಗೇ ಮುರಿದಿತ್ತು. ಉರೀತಿದ್ದಾಗ ತಂತಿ ಕಾದು ಮೆತ್ತಗಿರುತ್ತೆ, ಮುರಿಯಲ್ಲ, ಹಿಗ್ಗುತ್ತೆ. ಇದನ್ನ ನೋಡಿ."

ನನ್ನ ಸುರುಳಿ ಒತ್ತೊತ್ತಾಗಿ ಇದ್ದದ್ದು ಈಗ ಎಳೆದು ಬಿಟ್ಟ ಉಣ್ಣೆಯ ಎಳೆಯ ಹಾಗೆ ಜೋತುಬಿದ್ದಿತ್ತು. ನನ್ನ ಅಂದ ಕೆಟ್ಟಿತ್ತು. ಆ ಕೆಟ್ಟ ಅಂದವೇ ನನ್ನ ಸಾಕ್ಷಿ. ನೆಲಕ್ಕೆ ಬಡಿದಾಗ ನಾನು ಉರಿಯುತ್ತಿದ್ದೆ ಎಂದು ಕೊನೆಗೂ ಬಾಯಿಬಿಟ್ಟು ಹೇಳಿದ ಹಾಗಾಯಿತು.

"ಹಾಗಾದ್ರೆ ಆ ಇನ್ನೊಬ್ಬ ಯಾಕೆ ಉರೀಲಿಲ್ಲ? ಅದು ಬೇಕಲ್ಲ ನಮಗೆ," ಎಂದರು ಕೋಟ್ಯಾನ್. ಬೇರೆಯವರಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದರು. ಅವರು ಮತ್ತೆ ಹೋಗಿ ಚೀಲಗಳನ್ನೆಲ್ಲ ಸುರಿದು, ಸುಡದೆ ಉಳಿದ ತಂತಿಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಸೀಟಿನ ಕೆಳಗೆ, ಕವಲೊಡೆದ ಜಾಗದಲ್ಲಿ, ಹಿಂದಕ್ಕೆ ಹೋಗುವ ತಂತಿ ಒಂದು ಕೊಂಡಿಗೆ ಉಜ್ಜಿ ಉಜ್ಜಿ ಸವೆದು ಎಂದೋ ತುಂಡಾಗಿತ್ತು. ದಿನಾ ಒತ್ತುವ ಗುಂಡಿ ದೀಪವನ್ನು ಮಾತ್ರ ಪರೀಕ್ಷಿಸುತ್ತಿತ್ತು, ದೀಪಕ್ಕೆ ಸುದ್ದಿ ತರುವ ತಂತಿಯನ್ನಲ್ಲ. ಪಾಪ, ಹಿಂದಿನ ಫಲಕದ ನನ್ನ ತಮ್ಮ ದಿನಾ ಹಾಜರಿ ಹೇಳುತ್ತಲೇ ಇದ್ದ. ಸುದ್ದಿ ಮಾತ್ರ ಅವನಿಗೆ ಮುಟ್ಟಲೇ ಇಲ್ಲ. ಅಂದಿನಿಂದ ಹಾರುವ ಮುಂಚೆ ತಂತಿಯನ್ನೂ ಪರೀಕ್ಷಿಸುವ ಕ್ರಮ ಬಂತಂತೆ.

ವನಜಾಕ್ಷಿಯವರು ನಮ್ಮಿಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಮಲಗಿಸಿದರು. ಅಣ್ಣತಮ್ಮಂದಿರು ಮುಖ ನೋಡಿಕೊಂಡದ್ದು ಆಗಲೇ. ಒಬ್ಬರ ವಿರುದ್ಧ ಒಬ್ಬರನ್ನು ಸಾಕ್ಷಿಗೆ ನಿಲ್ಲಿಸಿದ್ದರು, ಇಬ್ಬರೂ ನಿಜವನ್ನೇ ಹೇಳಿದ್ದೆವು.

ವರದಿ ಹೋಗುವ ಮುಂಚೆ ಬದುಕುಳಿದವರಿಬ್ಬರನ್ನೂ ಕೋಟ್ಯಾನರು ಪ್ರಯೋಗಾಲಯಕ್ಕೆ ಕರೆಸಿದರು. ಮುದ್ದಯ್ಯನವರ ಮುಖವನ್ನು ನಾನು ಮೊದಲ ಬಾರಿಗೆ ನೋಡಿದೆ. ಕೈಯಲ್ಲಿ ಕೋಲು. ಮೊದಲು ನಚಿಕೇತ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ. "ಉರೀತಿತ್ತು," ಎಂದ, ಅಷ್ಟೇ. ಅವನ ಕಣ್ಣೀರು ಗಾಜಿನ ಮೇಲೆ ಬಿದ್ದು ನನಗೆ ಏನೂ ಕಾಣದಾಯಿತು. ವನಜಾಕ್ಷಿಯವರು ಗಾಜು ಒರೆಸಿದ ಮೇಲೆ ಮುದ್ದಯ್ಯ ಬಗ್ಗಿದರು. ಬಗ್ಗಲು ಅವರಿಗೆ ಕಷ್ಟವಾಗುತ್ತಿತ್ತು. ನನ್ನನ್ನು ನೋಡಿದರು, ನನ್ನ ತಮ್ಮನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನನಗೆ ಕಾಣಲಿಲ್ಲ ಅಂದೆ. ಅದು ಸರಿ," ಎಂದರು. "ಇರಲಿಲ್ಲ ಅಂತಲೂ ಅಂದೆ. ಅದನ್ನ ಹೇಳೋಕೆ ನಾನು ಮುಂದಿನ ಸೀಟಲ್ಲಿ ಕೂತಿರಲಿಲ್ಲ." ಕೋಲನ್ನು ಮೇಜಿಗೆ ಒರಗಿಸಿ ಹುಡುಗನ ಹೆಗಲು ಹಿಡಿದುಕೊಂಡರು. "ನೀನು ಹಿಡಿ ಎಳೆಯದೆ ಇದ್ದಿದ್ದರೆ ನನಗೆ ಬೆನ್ನು ನೋವು ಅನ್ನೋಕೆ ಬೆನ್ನೇ ಇರ್ತಿರಲಿಲ್ಲ ಮಗನೇ. ಹೋಗು, ಹಾರು."

ಮುಂದಿನ ಎಳ್ಳಮವಾಸ್ಯೆಗೆ ಕೋಟ್ಯಾನರು ಮಾತು ಉಳಿಸಿಕೊಂಡರು. ಸಾಕ್ಷಿಯಾದ ನನ್ನನ್ನು ಹೊರಗೆ ಕಳಿಸುವಂತಿರಲಿಲ್ಲ, ನನ್ನ ಬದಲು ನನ್ನ ಕೆಂಪು ಟೊಪ್ಪಿ ಹೊಲಕ್ಕೆ ಹೋಯಿತು. ಕರ್ಣನ ಜೀವ ಬೆಂಗಳೂರಲ್ಲಿದೆ, ಮೈ ಮಾತ್ರ ತಂದಿದ್ದೇವೆ ಎಂದು ಕೋಟ್ಯಾನರು ಹೇಳಿದರಂತೆ. ಚಂದಮ್ಮ ಟೊಪ್ಪಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಡೀತದ ಬಿಡ್ರಿ, ಕವಚ ಕಳಕೊಂಡಾವ ಅಲ್ಲೇನು ಕರ್ಣ. ಈಗ ಕವಚ ವಾಪಸ್ ಬಂತು," ಎಂದು ಸುಣ್ಣ ಬಳಿದಳಂತೆ. ಮುದ್ದಯ್ಯನವರೂ ಕೋಲೂರಿಕೊಂಡು ಹೊಲದ ತುಂಬ ನಡೆದು ಚರಗ ಚೆಲ್ಲಿದರಂತೆ. ಇದೆಲ್ಲ ಕೋಟ್ಯಾನರು ಬಂದು ವನಜಾಕ್ಷಿಯವರಿಗೆ ಹೇಳುವಾಗ ಕೇಳಿಸಿಕೊಂಡದ್ದು. ನನಗೆ ಆ ಭಜ್ಜಿಯ ವಾಸನೆ ನೆನಪಾಯಿತು.

ಈಗ ನನಗೆ ವಯಸ್ಸಾಗಿದೆ. ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ತಮ್ಮನ ಪಕ್ಕ ಮಲಗಿದ್ದೇನೆ. ಇನ್ನೆಂದೂ ಉರಿಯಲಾರೆ. ಒಂದೇ ಒಂದು ಸಲ ನಿಜವಾಗಿ ಉರಿದವನು ನಾನು, ಅದನ್ನು ಒಬ್ಬ ನೋಡಿದ. ಅಷ್ಟು ಸಾಕು ಎಂದು ಅನ್ನಿಸುತ್ತದೆ.

ನಚಿಕೇತ ಈಗ ತಾನೇ ಕಲಿಸುವವನಾಗಿದ್ದಾನೆ, ಹಿಂದಿನ ಸೀಟು ಅವನದು. ಕಲಿಯಲು ಬಂದ ಪ್ರತಿ ತಂಡವನ್ನೂ ಒಮ್ಮೆ ಇಲ್ಲಿಗೆ ಕರೆತರುತ್ತಾನೆ. ಮೊನ್ನೆ ಬಂದಿದ್ದವರಲ್ಲಿ ಒಬ್ಬಳು ಹುಡುಗಿ ನನ್ನನ್ನು ಬಹಳ ಹೊತ್ತು ನೋಡಿದಳು. "ಸರ್, ನನಗೆ ದೀಪ ಕಂಡು, ಹಿಂದೆ ನಿಮಗೆ ಕಾಣದಿದ್ರೆ?" ಎಂದು ಕೇಳಿದಳು.

"ಕೂಗಿ ಹೇಳು," ಎಂದ ನಚಿಕೇತ. "ನಾ ಇಲ್ಲ ಅನ್ನುದಿಲ್ಲ. ನಿಂಗೆ ಏನು ಕಾಣ್ತದೆ ಅಂತ ಕೇಳ್ತೆ."